ನಡುಹಗಲಲ್ಲಿ ತೆಗೆದ ರಾತ್ರಿ

ಸಿಂದಗಿ
೧೧ ಮಾರ್ಚ್ ೧೯೭೯

ಅಕ್ಕಾ ಯಲ್ಲವ್ವ,

ನಿನ್ನ ತಮ್ಮ ಭೀಮಶ್ಯಾನ ನಮಸ್ಕಾರ. ತೀರ್ಥರೂಪ, ಸಾಷ್ಟಾಂಗ ಎಂದೆಲ್ಲ ಬರೆಯುವುದನ್ನು ಬಿಟ್ಟಿದ್ದೇನೆ. ನಮ್ಮ ಕೈಗೆ ತೀರ್ಥ ಹಾಕಿದವರು ಯಾರೂ ಇಲ್ಲ. ನೆಲಕ್ಕೆ ಬಿದ್ದದ್ದಂತೂ ಸಾಕಾಗಿದೆ. ಅವ್ವ ಇಲ್ಲೇ ನನ್ನ ಹತ್ತಿರ ಆರಾಮ ಇದ್ದಾಳೆ. ಮೊಣಕಾಲು ನೋಯುತ್ತವೆ, ಬಾಯಿ ಮೊದಲಿನಂತೆಯೇ ಇದೆ. ಜೋಳದ ರಾಶಿ ಮುಗಿದವು. ನನ್ನ ಸಾಲಿಯ ಹುಡುಗರಿಗೆ ಪರೀಕ್ಷೆ ಬಂತು. ಅಲ್ಲಿ ಮಾಮಾನ ಕೆಮ್ಮು ಹೇಗಿದೆ, ದ್ರಾಕ್ಷಿ ತೋಟದ ಕೆಲಸ ಇನ್ನೂ ಎಷ್ಟು ದಿನ ಇದೆ, ಬರೆ.

ನಿನ್ನ ಪತ್ರ ಬಂದು ತಿಂಗಳಾಯಿತು. ಪರೀಕ್ಷೆ, ಸಂಘದ ಸಭೆ ಎಂದು ನೆವ ಹೇಳಬಹುದಿತ್ತು. ಸುಳ್ಳಾಗುತ್ತದೆ. ನೀನು ಕೇಳಿದ್ದು ಒಂದೇ ಮಾತು: "ಸಿನಿಮಾದಾಗ ಅಪ್ಪನ ಮಾರಿ ಕಾಣತೈತೇನು? ಕಂಡರ ಹೇಳು, ಸುಂದ್ರಿನ ಕರಕೊಂಡು ಬರತೇನಿ. ಆಕಿಗೆ ಅಜ್ಜನ ಮಾರಿ ಗೊತ್ತಿಲ್ಲ. ನನಗೂ ಈಗೀಗ ನೆನಪಿಗೆ ಬರವಲ್ದು." ಹೋದ ಮಳೆಗಾಲದಲ್ಲಿ ಅಪ್ಪ ಹೋದಾಗ ಹಳ್ಳ ತುಂಬಿ ನಿನ್ನ ಬಸ್ಸು ಇಂಡಿಯಲ್ಲೇ ನಿಂತುಬಿಟ್ಟಿತು. ನೀನು ಬರುವಷ್ಟರಲ್ಲಿ ನಾವು ಮಣ್ಣು ಕೊಟ್ಟಾಗಿತ್ತು. ಅಪ್ಪನದೊಂದು ಫೋಟೋ ಕೂಡ ನಮ್ಮಲ್ಲಿಲ್ಲ. ಇದೆಲ್ಲ ಗೊತ್ತಿದ್ದೂ ಸುಮ್ಮನೆ ಕೂತೆ. ನಿನ್ನ ಮಾತಿಗೆ ಉತ್ತರ ಕೊಟ್ಟೇ ಈ ಪತ್ರ ಮುಗಿಸುತ್ತೇನೆ. ಮೊದಲು ಸಿನಿಮಾದ ಸುದ್ದಿ ಕೇಳು. ನಾನು ಪುಸ್ತಕದ ಕನ್ನಡದಲ್ಲಿ ಬರೆಯುತ್ತೇನೆಂದು ನಗಬೇಡ. ಮಾಸ್ತರಿಕೆಯ ರೋಗ ಅದು.

ಎರಡು ವರ್ಷದ ಹಿಂದಿನ ಬೇಸಿಗೆಯಲ್ಲಿ ಬೆಂಗಳೂರು ಕಡೆಯ ಸಿನಿಮಾ ಮಂದಿ ನಮ್ಮೂರಿಗೆ ಬಂದಿದ್ದರು. ಗೌಡರ ವಾಡೆ ಖಾಲಿ ಬಿದ್ದಿತ್ತಲ್ಲ. ಉಳುವವನೇ ಹೊಲದೊಡೆಯ ಎಂಬ ಕಾಯಿದೆ ಬಂದಮೇಲೆ ಗೌಡರು ಬಿಜಾಪುರ ಸೇರಿ, ಇಲ್ಲಿ ಕಾರಭಾರಿ ಗುರಲಿಂಗಪ್ಪನನ್ನು ಬಿಟ್ಟಿದ್ದರು. ದೆವ್ವದ ಸಿನಿಮಾಕ್ಕೆ ಅಂಥದೇ ಕಟ್ಟಡ ಬೇಕಾಗಿತ್ತಂತೆ. ಕಥೆಯಲ್ಲಿ ಒಬ್ಬ ಕಾವಲುಗಾರ ರಾತ್ರಿ ಕಂದೀಲು ಹಿಡಿದು ಆ ವಾಡೆಯೊಳಗೆ ಹೋಗಬೇಕು. ಆ ವೇಷದವನು ನಮ್ಮ ಬಿಸಿಲು ತಾಳದೆ ಜ್ವರ ಬಂದು ಮಲಗಿದ. ಡೈರೆಕ್ಟರು ನೆರೆದ ಮಂದಿಯನ್ನೆಲ್ಲ ನೋಡಿ ಅಪ್ಪನ ಕಡೆ ಬೊಟ್ಟು ಮಾಡಿದ. ಆ ಎತ್ತರ, ಆ ಬಿಳಿ ಮೀಸೆ. ನಾವು ಯಾರೆಂದು ಅವನು ಕೇಳಲಿಲ್ಲ. ಗುರಲಿಂಗಪ್ಪನಿಗೆ ಗೊತ್ತಿತ್ತು, ಆದರೆ ವಾಡೆಯ ಬಾಡಿಗೆ ಆಗಲೇ ಅವನ ಕಿಸೆ ಸೇರಿತ್ತು. "ಸಿನಿಮಾದಾಗ ಒಳಗ ಹೋದರ ಹೋದಂಗಲ್ಲ ತಗೋ" ಎಂದು ತಾನೇ ಒಂದು ಶಾಸ್ತ್ರ ಹೊರಡಿಸಿದನಂತೆ.

ಹೀಗೆ ನಮ್ಮಪ್ಪ, ಹೆಸರಿಗೆ ರಾವಸಾಬ, ಆ ವಾಡೆಯ ಬಾಯಲ್ಲಿ ಜನ್ಮವೆಲ್ಲ "ಲೇ ರಾವ್ಯಾ," ಮುಪ್ಪಿನಲ್ಲಿ ಮೊದಲ ಸಲ ಮುಂಬಾಗಿಲಿನಿಂದ ಒಳಗೆ ಹೋದ. ಅದೂ ಸುಡುವ ನಡುಹಗಲಲ್ಲಿ, ಉರಿಯುವ ಕಂದೀಲು ಹಿಡಿದು. ಕ್ಯಾಮೆರಾಕ್ಕೆ ಒಂದು ಕಪ್ಪು ಗಾಜು ಹಾಕಿದರೆ ಹಗಲು ರಾತ್ರಿಯಾಗಿ ಕಾಣುತ್ತದಂತೆ. ಊರವರು ಬೇವಿನ ಗಿಡದ ಕೆಳಗೆ ನಿಂತು, ರಾವಸಾಬನ ತಲಿ ಕೆಟ್ಟೈತಿ, ಬಿಸಿಲಾಗ ಬೆಳಕ ಹುಡಕಾಕತ್ತಾನ ಎಂದು ನಕ್ಕರಂತೆ. ಡೈರೆಕ್ಟರು ಮಾತ್ರ ಅಪ್ಪನ ಬೆನ್ನು ತಟ್ಟಿ ತನ್ನವರಿಗೆ ಹೇಳಿದನಂತೆ: "ಭಯ ಅಂದ್ರೆ ಇದು ಕಣ್ರೀ. ಕಲಿಸಿದ್ರೂ ಬರಲ್ಲ."

ನಾನಾಗ ಮುದ್ದೇಬಿಹಾಳದ ಸಭೆಗೆ ಹೋಗಿದ್ದೆ. ಬಂದವನೇ ಕೇಳಿದೆ, ಒಳಗ ಏನೈತಿ ಅಪ್ಪಾ? ಅಪ್ಪ ಬೀಡಿ ಹಚ್ಚಿದ. ಒಂದು ದಮ್ಮು ಎಳೆದ.

"ಏನೂ ಇಲ್ಲೋ ಯಪ್ಪಾ. ಬರೇ ಬಾವಲಿ. ಇದಕ್ಕ ನಾವು ಇಷ್ಟು ಅಂಜಿದ್ವಿ."

ಆ ಮಾತನ್ನು ನಾನು ಬಿಡಲಿಲ್ಲ ಅಕ್ಕಾ. ಬಸವನ ಬಾಗೇವಾಡಿಯಲ್ಲಿ, ಇಂಡಿಯಲ್ಲಿ, ಎಲ್ಲಿ ಮೈಕು ಕೊಟ್ಟರೂ ಅಲ್ಲಿ ಹೇಳಿದೆ: ನನ್ನಪ್ಪ ಒಳಗೆ ಹೋಗಿ ನೋಡಿ ಬಂದಿದ್ದಾನೆ, ವಾಡೆಯೊಳಗೆ ಏನೂ ಇಲ್ಲ! ಮಂದಿ ಚಪ್ಪಾಳೆ ಹೊಡೆದದ್ದೇ ಹೊಡೆದದ್ದು.

ಆ ಸಿನಿಮಾ ಈ ಜನವರಿಯಲ್ಲಿ ಸಿಂದಗಿಯ ಟೆಂಟಿಗೆ ಬಂತು. ಟಾಂಗಾದಲ್ಲಿ ಮೈಕು ಕಟ್ಟಿಕೊಂಡು, ಬಸುರಿ ಹೆಂಗಸರು, ಎದಿ ಮೆತ್ತಗಿದ್ದವರು ಬರಬ್ಯಾಡ್ರಿ ಎಂದು ಸಾರಿದರು. ಅವ್ವ ಹೊಸ ಇಳಕಲ್ಲ ಸೀರೆ ಉಟ್ಟಳು. ಊರಿಂದ ಒಂದು ಚಕ್ಕಡಿ ತುಂಬ ನಮ್ಮ ಕೇರಿಯವರು ಬಂದರು. ನೆಲದ ಮೇಲೆ ಉಸುಕಿನಲ್ಲಿ ಕೂತೆವು. ಗಾಳಿಗೆ ಟೆಂಟಿನ ಬಟ್ಟೆ ಉಬ್ಬುವುದು, ಇಳಿಯುವುದು. ದೊಡ್ಡ ದನವೊಂದು ನಮ್ಮನ್ನು ಹೊಟ್ಟೆಯಲ್ಲಿಟ್ಟುಕೊಂಡು ಉಸಿರಾಡಿದಂತಿತ್ತು. ಮೇಲೆ ತೂತುಗಳಲ್ಲಿ ಚಿಕ್ಕೆ ಕಾಣುತ್ತಿದ್ದವು.

ಪರದೆಯ ಮೇಲೆ ನಮ್ಮೂರು ಬಂತು. ನಾನು ಹುಟ್ಟಿದ ಊರನ್ನು ಹಾಗೆ ಕಂಡಿರಲಿಲ್ಲ. ನಮ್ಮ ಬಿಸಿಲು ಬೆಳದಿಂಗಳಾಗಿ ಬಿದ್ದಿತ್ತು. ಕಾಲು ಸುಡುವ ಆ ಬೀದಿ ನೀರಿನೊಳಗೆ ಮುಳುಗಿದಂತೆ ತಣ್ಣಗೆ ಹೊಳೆಯುತ್ತಿತ್ತು. ಬೇವಿನ ಗಿಡದ ನೆರಳು ಅದರ ಬುಡದಲ್ಲೇ ದುಂಡಗೆ ಕೂತಿತ್ತು. ಅಂಥ ನೆರಳು ರಾತ್ರಿಯದಲ್ಲ, ನೆತ್ತಿಯ ಮೇಲಿನ ಸೂರ್ಯನದು. ಹಗಲೂ ಅಲ್ಲ, ರಾತ್ರಿಯೂ ಅಲ್ಲ. ಸತ್ತವರು ತಿರುಗಾಡಲು ಒಂದು ಹೊತ್ತು ಇದ್ದರೆ ಅದು ಇದೇ ಎನ್ನಿಸಿತು. ಅಷ್ಟರಲ್ಲಿ ಆ ನಡುರಾತ್ರಿಯಲ್ಲಿ ಲಾಲಬಿಯ ಕೋಳಿಗಳು ಮರಿ ಕಟ್ಟಿಕೊಂಡು ಕಾಳು ಹೆಕ್ಕುತ್ತ ಬಂದವು. ಟೆಂಟೇ ಬಿರಿಯುವಂತೆ ಮಂದಿ ನಕ್ಕರು. ನಮ್ಮ ಜೊತೆ ಬಂದಿದ್ದ ಲಾಲಬಿ, "ಆ ಕರೀ ಹ್ಯಾಟಿ ನಂದ, ನರಿ ಒಯ್ತು ನೋಡವಾ ಅದನ್ನ" ಎಂದು ಅವ್ವನಿಗೆ ತೋರಿಸಿದಳು.

ಆಮೇಲೆ ಅಪ್ಪ ಬಂದ.

ದೂರದಲ್ಲಿ ಒಂದು ಕಂದೀಲು, ಅದರ ಹಿಂದೆ ಆ ನಡಿಗೆ. ಎಡಗಾಲು ಸ್ವಲ್ಪ ಎಳೆದು ಇಡುತ್ತಿದ್ದನಲ್ಲ, ಹಾಗೇ. ಬಾಗಿಲಿಗೆ ಬಂದ, ನಮ್ಮ ಎದುರಿಗೇ ಬಂದ, ದಾಟಿದ, ಬೆನ್ನು ತೋರಿಸಿ ಕತ್ತಲಿಗೆ ಹೋಗಿಬಿಟ್ಟ. ಕಣ್ಣು ಪಿಳುಕಿಸುವಷ್ಟು ಹೊತ್ತು. ಒಂದು ಕೈಯಲ್ಲಿ ಕಂದೀಲು, ಇನ್ನೊಂದು ಕೈಯಲ್ಲಿ ಚಪ್ಪಲಿ. ಕಾವಲುಗಾರ ಚಪ್ಪಲಿ ಕೈಯಲ್ಲಿ ಹಿಡಿದು ದೆವ್ವದ ಮನೆಗೆ ಹೋಗುವುದನ್ನು ನೋಡಿ ಮಂದಿಗೆ ಮತ್ತೆ ನಗೆ. ನಮ್ಮ ಕೇರಿಯವರು ಒಬ್ಬರೂ ನಗಲಿಲ್ಲ. ಅವ್ವ ತಲೆಯ ಮೇಲೆ ಸೆರಗು ಎಳೆದುಕೊಂಡಳು. ಆಮೇಲೆ, ಅಕ್ಕಾ, ಆಕೆ ಸ್ವಲ್ಪ ಸರಿದು ತನ್ನ ಬಲಕ್ಕೆ ಒಬ್ಬರು ಕೂಡುವಷ್ಟು ಜಾಗ ಮಾಡಿದಳು. ಸಿನಿಮಾ ಮುಗಿಯುವ ತನಕ ಆ ಜಾಗದಲ್ಲಿ ಯಾರನ್ನೂ ಕೂಡಗೊಡಲಿಲ್ಲ.

ಇನ್ನು ಆ ಸಿನಿಮಾದ ದೆವ್ವ. ಬಿಳಿ ಸೀರೆ, ಬಿಚ್ಚಿದ ಕೂದಲು, ಕಾಲ್ಗೆಜ್ಜೆ. ಗೌಡರ ಮನೆಯ ಸೊಸೆಯಂತೆ, ಬಾವಿಗೆ ಹಾರಿದವಳಂತೆ. ಎದೆ ಮೆತ್ತಗಿದ್ದವರೂ ಆಕಳಿಸಿದರು. ಕಡೆಗೆ ನೋಡಿದರೆ ಅದೂ ದೆವ್ವವಲ್ಲ. ಆಸ್ತಿಯ ಆಸೆಗೆ ಗೌಡರ ದಾಯಾದಿಯೇ ಸೀರೆ ಸುತ್ತಿಕೊಂಡು ತಿರುಗುತ್ತಿದ್ದ. ಪೊಲೀಸರು ಬಂದು ಹಿಡಿದರು, ಮದುವೆಯಾಯಿತು, ಶುಭಂ. ಮಂದಿ ಎದ್ದು, ದೆವ್ವ ತೋರಸ್ರಿ, ಇಲ್ಲಾ ರೊಕ್ಕ ಕೊಡ್ರಿ ಎಂದು ಗದ್ದಲ ಮಾಡಿದರು.

ನನ್ನ ಸಿಟ್ಟು ಬೇರೆ. ಆ ವಾಡೆಯ ಕಲ್ಲು ಹೊತ್ತವರು ನಾವು. ಗೋಡೆ ಕುಸಿದು ಅಲ್ಲೇ ಮಣ್ಣಾದವನು ನಮ್ಮ ಮುತ್ತ್ಯಾ. ಅದರ ನೆಲದೊಳಗಿನ ಹಗೇವಿಗೆ ಕಾಳು ತೆಗೆಯಲು ಇಳಿದು, ಒಳಗಿನ ಗಾಳಿಗೆ ಉಸಿರುಕಟ್ಟಿ ಸತ್ತವಳು ನಮ್ಮ ಸಣ್ಣವ್ವ. ಖಾಲಿ ಕಟ್ಟಡದಲ್ಲಿ ರಾತ್ರಿ ತಿರುಗಾಡುವವರು ಯಾರಾದರೂ ಇದ್ದರೆ ಅವರಲ್ಲವೇ? ಅವರಲ್ಲಿ ಒಬ್ಬರಾದರೂ ಎದ್ದು ಬಂದು ನಾಲ್ಕು ಮಾತು ಕೇಳುತ್ತಾರೆಂದು, ನಾನು, ದೆವ್ವ ಗಿವ್ವ ನಂಬಬೇಡಿ ಎಂದು ಹುಡುಗರಿಗೆ ಕಲಿಸುವ ಮಾಸ್ತರ, ಉಸಿರು ಬಿಗಿಹಿಡಿದು ಕೂತಿದ್ದೆ. ದೆವ್ವವಾಗುವುದಕ್ಕೂ ಗೌಡರ ಮನೆಯಲ್ಲೇ ಹುಟ್ಟಬೇಕು. ಇಂಥ ಸಿನಿಮಾಕ್ಕೆ ಬೆಂಕಿ ಹಚ್ಚಬೇಕು.

ಟೆಂಟು ಖಾಲಿಯಾಯಿತು. ಅವ್ವ ಏಳಲಿಲ್ಲ. ಕೈ ಹಿಡಿದೆ, ಕೊಸರಿಕೊಂಡಳು.

"ಅಂವ ಒಳಗ ಹೋದಾಂವ ಹೊರಗ ಬರಲೇ ಇಲ್ಲಲ್ಲೋ ಭೀಮಾ."

ನಿಜ. ಆ ಮೂರ್ಖರು ಅಪ್ಪನನ್ನು ವಾಡೆಯೊಳಗೆ ಕಳಿಸಿ ಮರೆತುಬಿಟ್ಟಿದ್ದರು. ಕಥೆ ಮುಂದೆ ಹೋಯಿತು, ದೆವ್ವ ಸಿಕ್ಕಿತು, ಮದುವೆಯೂ ಆಯಿತು. ಕಾವಲುಗಾರ ಏನಾದ ಎಂದು ಒಬ್ಬರೂ ಕೇಳಲಿಲ್ಲ. ಮಷೀನು ನಡೆಸುವ ಚಾಂದಸಾಬ ಕೆಳಗಿಳಿದು ಬಂದು ಉಸುಕಿನಲ್ಲಿ ಅವ್ವನ ಮುಂದೆ ಕುಕ್ಕರಗಾಲಲ್ಲಿ ಕೂತ. "ಹೊರಗ ಬಂದಾನಬೇ ಯವ್ವಾ. ಅದನ್ನ ತಗದಿಲ್ಲ ಅಷ್ಟ" ಎಂದ. ಅವ್ವ ಅವನ ಮುಖ ನೋಡಿದಳು, ಬಿಳಿ ಪರದೆ ನೋಡಿದಳು. ಸೆರಗು ಕೊಡವಿಕೊಂಡು ಎದ್ದಳು. ಈಗ ಸಂಜೆ ದೀಪ ಹಚ್ಚಿದ ಮೇಲೆ ಒಮ್ಮೊಮ್ಮೆ ಬಾಗಿಲ ಕಡೆ ನೋಡುತ್ತ ಕೂಡುತ್ತಾಳೆ. ಹುಚ್ಚೇನಲ್ಲ. ರೊಟ್ಟಿ ತಟ್ಟುತ್ತಾಳೆ, ನನ್ನನ್ನು ಬೈಯುತ್ತಾಳೆ, ಎಲ್ಲ ಸರಿ ಇದೆ.

ಮಾಮಾಗೆ ನನ್ನ ನಮಸ್ಕಾರ ಹೇಳು. ಸುಂದ್ರಿಯನ್ನು ಸಾಲಿ ಬಿಡಿಸಬೇಡ, ದ್ರಾಕ್ಷಿ ಕೊಯ್ಯಲು ಇನ್ನೊಬ್ಬರು ಸಿಗುತ್ತಾರೆ. ಅವಳ ತಲೆಯ ಮೇಲೆ ಅವ್ವನ ಕೈ ಇದೆ, ನನ್ನದೂ ಇದೆ. ಅವಳು ನಮ್ಮೆಲ್ಲರಿಗಿಂತ ಎತ್ತರ ಬೆಳೆಯಲಿ.

ಜೈ ಭೀಮ.

ನಿನ್ನ ತಮ್ಮ,
ಭೀಮಶ್ಯಾ

ತಾ.ಕ.: ಇನ್ನ ನೀ ಕೇಳಿದ ಮಾತು. ಇದನ್ನ ಪುಸ್ತಕದ ಕನ್ನಡದಾಗ ಬರಿಯಾಕ ನನ್ನ ಕೈಲೆ ಆಗವಲ್ದು.

ಅಪ್ಪನ ಮಾರಿ ಕಾಣಂಗಿಲ್ಲ ಅಕ್ಕಾ. ಮರುದಿನ ಚಾಂದಸಾಬನ ಕೈಕಾಲ ಹಿಡದು ಆ ರೀಲ ಬಿಚ್ಚಿಸಿ ಬಿಸಿಲಿಗೆ ಹಿಡದು ನೋಡಿದ್ನಿ. ಉಗುರಿನಷ್ಟಷ್ಟು ಚಿತ್ರ, ಒಂದರ ಕೆಳಗ ಒಂದು. ಕ್ಯಾಮೆರಾ ವಾಡೇದ ಒಳಗ ಇಟ್ಟಿದ್ದರು, ಅಪ್ಪನ ಮಾರಿ ನೆಟ್ಟಗ ಬೀಳಲಿ ಅಂತನ. ಕಂದೀಲ ಬೆಳಕ ಇನ್ನೇನು ಮಾರಿ ಮ್ಯಾಲ ಬೀಳಬೇಕು, ಹೊಸ್ತಲ ಬಂತು. ಅಪ್ಪ ತಲಿ ಬಗ್ಗಿಸಿದ. ಆ ಬಾಗಲದಾಗ ಆನಿ ಹೋಗತೈತಿ, ನಿನಗ ಗೊತ್ತೈತಿ. ಬಗ್ಗೂ ಕೆಲಸ ಏನಿತ್ತು? ಮುಂದಿನ ಚಿತ್ರದಾಗೆಲ್ಲ ಬರೇ ರುಮಾಲ. ತಲಿ ಎತ್ತೂದರಾಗ ಅಪ್ಪ ದಾಟಿ ಹೋಗಿದ್ದ. ಡೈರೆಕ್ಟರ ಹೊಗಳಿದ್ದು ಇದನ್ನ. ಒಂದು ತುಂಡು ಕತ್ತರಿಸಿ ಕೊಡಲೇನು ಮಾಸ್ತರ ಅಂದ ಚಾಂದಸಾಬ. ಬ್ಯಾಡ ಅಂದ್ನಿ. ಬಗ್ಗಿದ ತಲಿ ಇಟಗೊಂಡು ಏನ ಮಾಡೂದು.

ಸಿಟ್ಟಿಲೆ ಹೋದ ರವಿವಾರ ಊರಿಗೆ ಹೋದ್ನಿ, ಒಬ್ಬನ. ನಡುಹಗಲ. ವಾಡೇದ ಬಾಗಲ ತೆರದ ಬಿದ್ದಿತ್ತು, ಒಂದು ನರಪಿಳ್ಳೆ ಇರಲಿಲ್ಲ. ಗೌಡ ಇಲ್ಲ, ಗುರಲಿಂಗಪ್ಪ ಇಲ್ಲ. ಎದಿ ಉಬ್ಬಿಸಿ ಹೊಸ್ತಲ ದಾಟಿದ್ನಿ. ದಾಟಿದ ಮ್ಯಾಲ ನೋಡತೇನಿ, ಚಪ್ಪಲಿ ನನ್ನ ಕೈಯಾಗ ಅದಾವು, ಕುತಗಿ ಬಗ್ಗೈತಿ. ಯಾವಾಗ ಬಗ್ಗಿತೋ ನನಗ ಗೊತ್ತಾಗಲಿಲ್ಲ. ಒಳಗ ಏನೂ ಇಲ್ಲ ಅಂತ ಅಪ್ಪ ಹೇಳಿದ್ದು ಖರೇನ. ಬರೇ ಬಾವಲಿ.

ಅದಕ್ಕ ನೀ ಬಾ. ಸಿನಿಮಾ ನೋಡಾಕ ಬ್ಯಾಡ. ಸುಂದ್ರಿನ ಕರಕೊಂಡು ಬಾ. ಆಕಿ ಅಲ್ಲೇ ನಿಮ್ಮ ಚಡಚಣದಾಗ ಹುಟ್ಟಿದಾಕಿ, ಆ ವಾಡೇನ ಒಮ್ಮೆನೂ ನೋಡಿಲ್ಲ. ದಾರ್ಯಾಗ ಅದರ ಬಗ್ಗೆ ಆಕಿಗೆ ಏನೂ ಹೇಳಬ್ಯಾಡ. ಕಾಲಾಗಿನ ಚಪ್ಪಲಿ ಬಿಡಸಬ್ಯಾಡ. ನಾನೂ ಅವ್ವನೂ ಬೇವಿನ ಗಿಡದ ಕೆಳಗ ನಿಂತಿರತೇವಿ. ಆಕಿ ಹೆಂಗ ಒಳಗ ಹೋಗತಾಳ, ಹೆಂಗ ಹೊರಗ ಬರತಾಳ, ಅವ್ವ ನೋಡಲಿ.