ಕೊನೆಯ ಖಾಲಿ ಸಾಲು

ಅಲಾರಂ ಅಣ್ಣನಿಗೆ,

ನಿಮ್ಮ ಮುಖ ನೋಡಿದವಳಲ್ಲ ನಾನು. ಆದರೂ ನಿಮ್ಮ ಕಂಪನಿಯ ಫೋನ್ ಸಾಫ್ಟ್‌ವೇರನ್ನು ಹಳೇ ಫೋನುಗಳಿಗೆ ಹೊಂದಿಸುವ ಹೊರಗಿನವರಾದ ನಾವು ನಾಲ್ವರು, ಅಲಾರಂ ಭಾಗದಲ್ಲಿ ನೀವು ಮಾಡಿದ ಕೆಲಸವನ್ನು ಒಂಬತ್ತು ವರ್ಷ ಇಂಟರ್ನೆಟ್ಟಿನಲ್ಲಿ ದಿನಾ ನೋಡುತ್ತಿದ್ದೆವು; ಆಗ ಅದು ಎಲ್ಲರಿಗೂ ತೆರೆದಿತ್ತು. ಪ್ರತಿ ಕೋಡ್ ಫೈಲಿನ ಕೊನೆಗೆ ನೀವೊಂದು ಬೇಡದ ಖಾಲಿ ಸಾಲು ಬಿಡುತ್ತಿದ್ದಿರಿ. ನಾನು ಅಳಿಸಿ, ಬೈದು ಬರೆಯುತ್ತಿದ್ದೆ. “ಇರಲಿ ಬಿಡಮ್ಮಾ, ಉಸಿರಾಡಲಿ” ಅನ್ನುತ್ತಿದ್ದಿರಿ.

ಈಗ ಕಂಪನಿ ಬಾಗಿಲು ಹಾಕಿಕೊಂಡು ಕೆಲಸ ಮಾಡುತ್ತದೆ. ಆರು ತಿಂಗಳಿಗೊಮ್ಮೆ ಕೋಡನ್ನು ಮೂಟೆ ಕಟ್ಟಿ ಹೊರಗೆಸೆಯುತ್ತದೆ. ಯಾರು ಬದಲಾಯಿಸಿದರು, ಯಾಕೆ ಅಂತ ಒಂದಕ್ಷರ ಇರುವುದಿಲ್ಲ. ಬಿಚ್ಚಿ ಬಿಚ್ಚಿ ಸಾಕಾಗಿ ನಮ್ಮಲ್ಲಿ ಇಬ್ಬರು ಬಿಟ್ಟುಹೋದರು.

ಹಿಂದಿನ ಎರಡು ಮೂಟೆಗಳಲ್ಲಿ ನಿಮ್ಮ ಹೆಸರಿಲ್ಲದಿದ್ದರೂ ಖಾಲಿ ಸಾಲಿತ್ತು. ಕಂಡಾಗಲೆಲ್ಲ ಪಕ್ಕದ ಕೋಣೆಯಲ್ಲಿ ಯಾರೋ ಕೆಮ್ಮಿದ ಹಾಗಾಗುತ್ತಿತ್ತು. ಈ ಸಲ ಅಲಾರಂ ಫೈಲುಗಳನ್ನೆಲ್ಲ ಜಾಲಾಡಿದೆ. ಎಲ್ಲೂ ಇಲ್ಲ. ನೀವು ಕೆಲಸ ಬಿಟ್ಟಿರೋ, ಇಲ್ಲಾ... ಬೇಡ, ಅದನ್ನು ಬರೆಯಲಾರೆ.

ಉತ್ತರ ಬರೆಯಲು ನಿಮಗೆ ಅನುಮತಿ ಇರಲಿಕ್ಕಿಲ್ಲ. ಮುಂದಿನ ಮೂಟೆಯಲ್ಲಿ ಎಲ್ಲಾದರೂ ಒಂದು ಖಾಲಿ ಸಾಲು ಬಿಡಿ, ಸಾಕು.

ಅಳಿಸುವುದಿಲ್ಲ.

ನಿಮ್ಮ
ಜಗಳಗಂಟಿ