ಎಲ್ಲ ತಪ್ಪೂ ವಯಸ್ಸಿನದೇ

ಹದಿನಾಲ್ಕನೇ ತಾರೀಖು, ಮಂಗಳವಾರ
ಹೆರಿಗೆ ವಾರ್ಡು, ಕಿಟಕಿ ಪಕ್ಕದ ಹಾಸಿಗೆ

ನನ್ನ ಮುದ್ದು ಮಗಳೇ,

ಹೇಗಿದ್ದೀಯ? ಹಾಸ್ಟೆಲಿನ ಊಟ ಸೇರುತ್ತಿದೆಯೇ? ಕಾಗದ ಬರೆಯುವುದು ಒಂಬತ್ತು ದಿನ ತಡವಾಯಿತು, ಬೇಜಾರು ಮಾಡಿಕೊಳ್ಳಬೇಡ. ನೀನು ಫೋನು ಎತ್ತುತ್ತಿಲ್ಲ. ನನಗೋ ನಿನ್ನೆಯವರೆಗೆ ಪೆನ್ನು ಹಿಡಿಯಲು ಆಗುತ್ತಿರಲಿಲ್ಲ. ನಿನಗೆ ತಂಗಿ ಹುಟ್ಟಿದ್ದಾಳೆ. ಒಂದೂವರೆ ಕೆ.ಜಿ. ಗಾಜಿನ ಪೆಟ್ಟಿಗೆಯಲ್ಲಿ ಮೂಗಿಗೆ ನಳಿಕೆ ಹಾಕಿಸಿಕೊಂಡು ಮಲಗಿದ್ದಾಳೆ. ಉಳಿಯುತ್ತಾಳೋ ಇಲ್ಲವೋ, ಯಾರೂ ಬಾಯಿಬಿಟ್ಟು ಹೇಳುತ್ತಿಲ್ಲ.

ಅವತ್ತು ಭಾನುವಾರ ನೀನು ಕೂಗಾಡಿ ಬಾಗಿಲು ಬಡಿದು ಹೋದೆಯಲ್ಲ, ಅದಾದ ಅರ್ಧ ಗಂಟೆಗೆ ನನ್ನ ಹೊಟ್ಟೆ ಹಲಗೆಯಂತೆ ಬಿಗಿಯಿತು. ಆಮೇಲೆ ರಕ್ತ. ಬಟ್ಟೆಯೆಲ್ಲ ತೋಯ್ದು ನೆಲದ ಮೇಲೆ ಹರಿಯಿತು. ನಿಮ್ಮಪ್ಪ ಅದರಲ್ಲೇ ಜಾರಿ ಬಿದ್ದು, ಎದ್ದು, ನನ್ನನ್ನು ಮೂಟೆಯಂತೆ ಹೊತ್ತು ಮೆಟ್ಟಿಲಿಳಿದರು. ಆಸ್ಪತ್ರೆಯ ಬಾಗಿಲಲ್ಲೇ ಫಿಟ್ಸ್ ಬಂತಂತೆ. ನಾಲಿಗೆ ಕಚ್ಚಿಕೊಂಡೆ, ಹಿಡಿಯಲು ಬಂದ ನರ್ಸಮ್ಮನ ತುಟಿ ಒಡೆಯುವ ಹಾಗೆ ಒದ್ದೆನಂತೆ. ಹೊಟ್ಟೆ ಕೊಯ್ದು ಮಗು ತೆಗೆದರು. ರಕ್ತ ನಿಲ್ಲಲಿಲ್ಲವೆಂದು ಗರ್ಭಕೋಶವನ್ನೂ ತೆಗೆದರು.

"ನಲವತ್ನಾಲ್ಕಕ್ಕೆ ಬಸುರಿ ಅಂದ್ರೆ ಹುಡುಗಾಟನಾ? ಬಿಪಿ ಈ ಪಾಟಿ ಏರಿದೆ, ಕೈಕಾಲು ಊದಿರ್ಲಿಲ್ವಾ?" ಎಂದು ಡಾಕ್ಟರಮ್ಮ ಬೈದರು. ಊದಿತ್ತು. ಕತ್ತರಿಯ ಹಿಡಿಯೊಳಗೆ ಹೆಬ್ಬೆರಳು ತೂರುತ್ತಿರಲಿಲ್ಲ. ನಮ್ಮ ಹೊಲಿಗೆ ಕಾರ್ಖಾನೆಯಲ್ಲಿ ಬಟ್ಟೆ ಕತ್ತರಿಸುವವರ ಕೈ ಸಂಜೆಗೆ ಊದುವುದು ಇದ್ದದ್ದೇ. ಅದಕ್ಕೆ ನಾವು ಮಾಡುವುದೊಂದೇ, ದೊಡ್ಡ ಹಿಡಿಯ ಕತ್ತರಿ ತೆಗೆದುಕೊಳ್ಳುವುದು. ನಾನೂ ಎರಡು ಸಲ ಕತ್ತರಿ ಬದಲಿಸಿದೆ, ಆಸ್ಪತ್ರೆಯ ಕಡೆ ತಲೆ ಹಾಕಲಿಲ್ಲ. ಮನೆಯಲ್ಲೂ ಮೆಷಿನ್ನು ಇಟ್ಟುಕೊಂಡು ಇಪ್ಪತ್ತು ವರ್ಷ ಊರವರ ಅಳತೆ ತೆಗೆದವಳಿಗೆ ತನ್ನ ಮೈಯೇ ಗೊತ್ತಾಗಲಿಲ್ಲ ನೋಡು.

"ಈ ವಯಸ್ಸಲ್ಲಿ ಬೇಡ ಅಂತ ನಾನಾದ್ರೂ ಅನ್ಬೇಕಿತ್ತು" ಎಂದು ನಿಮ್ಮಪ್ಪ ಗೋಡೆಗೆ ಹಣೆ ಚಚ್ಚಿಕೊಂಡು ಮೂರು ಹೊಲಿಗೆ ಹಾಕಿಸಿಕೊಂಡಿದ್ದಾರೆ. "ನನ್ನ ಹೊಲಿಗೆ ಸಾಲ್ದು ಅಂತ ನಿಮಗೂ ಬೇಕಾಯ್ತೇನ್ರೀ?" ಎಂದೆ. ನಗಲಿಲ್ಲ, ಬಿಕ್ಕಿ ಬಿಕ್ಕಿ ಅತ್ತರು. ಕೂಸನ್ನು ನಾನಿನ್ನೂ ಎತ್ತಿಕೊಂಡಿಲ್ಲ. ಎದೆಹಾಲು ಸೋರಿ ವ್ಯರ್ಥವಾಗುವಾಗ ಕಂಡವರನ್ನೆಲ್ಲ ಹೊಡೆಯಬೇಕೆನ್ನುವಷ್ಟು ಸಿಟ್ಟು ಬರುತ್ತದೆ.

ಪರೀಕ್ಷೆ ಚೆನ್ನಾಗಿ ಬರಿ. ಹೊತ್ತಿಗೆ ಸರಿಯಾಗಿ ತಿನ್ನು. ನಿನ್ನ ಮೈಗೆ ಮನಸ್ಸಿಗೆ ಯಾವ ನೋವೂ ತಾಗದಿರಲಿ.

ನಿನ್ನ
ಅಮ್ಮ

ತಾ.ಕ.: ಡಾಕ್ಟರಮ್ಮ ಎಲ್ಲರನ್ನೂ ಹೊರಗೆ ಕಳಿಸಿ, "ಹೊಟ್ಟೆಗೆ ಏಟು ಬಿದ್ದಿತ್ತಾ?" ಎಂದು ಎರಡು ಸಲ ಕೇಳಿದರು. ಇಲ್ಲ ಎಂದೆ. "ನನ್ನ ಮದುವೆ ಮಾತಾಡೋ ಹೊತ್ತಲ್ಲಿ ನೀನು ಬಸುರಿ, ನಾಚಿಕೆ ಆಗಲ್ವಾ?" ಎಂದು ನೀನು ನನ್ನನ್ನು ತಳ್ಳಿದ್ದು, ಹೊಲಿಗೆ ಮೆಷಿನ್ನಿನ ಮೂಲೆ ಹೊಟ್ಟೆಗೆ ಬಡಿದದ್ದು ನಿಮ್ಮಪ್ಪನಿಗೂ ಗೊತ್ತಿಲ್ಲ. ಬಿಪಿಯಿಂದ ಆಯಿತೋ, ನಿನ್ನ ಕೈಯಿಂದ ಆಯಿತೋ, ನನಗೂ ಗೊತ್ತಿಲ್ಲ. ಕ್ಷಮಿಸಿದ್ದೇನೆ ಎಂದು ಬರೆಯಲೆಂದೇ ಕೂತೆ. ಆ ಮಾತು ಇನ್ನೂ ಬರುತ್ತಿಲ್ಲ. ಅದು ಬರಲೆಂದು ಕಾಯಬೇಡ, ಮಗು ಇರುವಾಗಲೇ ಬಾ.