ಖಾಲಿ ಕುರ್ಚಿಯ ನಾಲ್ಕು ಕಲಿಕಾಫಲಗಳು

ಚಿತ್ರಕಲಾ ಕಾಲೇಜು, ಮೂರನೇ ಮಹಡಿ
ಶುಕ್ರವಾರ, ಮಧ್ಯಾಹ್ನ

ಮೂರು ವರ್ಷದಿಂದ ಮುಖ ಊದಿಸಿಕೊಂಡಿರುವ ನನ್ನ ಒಬ್ಬಳೇ ಅಕ್ಕನಿಗೆ,

ನಮ್ಮ ಕಾಲೇಜಿಗೆ ಹೊಸ ಗಾಳಿ ಹೊಡೆದಿದೆ. ಚಿತ್ರ ಬರೆಯಲು ಕಲಿಸಿದರೆ ಸಾಲದಂತೆ. ಕೋರ್ಸು ಮುಗಿದಾಗ ವಿದ್ಯಾರ್ಥಿ ಏನೇನು ಮಾಡಬಲ್ಲನೆಂಬ ‘ಕಲಿಕಾಫಲ’ಗಳನ್ನು ಮೊದಲೇ ನಮೂನೆಯಲ್ಲಿ ತುಂಬಬೇಕು. ‘ನೋಡುವುದನ್ನು ಅರಿಯುವರು’ ಎಂದು ಬರೆದೆ. ಸಮಿತಿಯ ಯಜಮಾನರು ಕೆಂಪು ಶಾಯಿ ಎಳೆದು, ಅರಿವನ್ನೆಲ್ಲ ಅಳೆಯೋಕಾಗಲ್ಲ ಮೇಡಂ, ಹಾಳೆ ಮೇಲೆ ಕಾಣೋದನ್ನ ಬರೀರಿ ಅಂದರು. ನನ್ನ ಸಿಟ್ಟು ನಿನಗೆ ಗೊತ್ತಲ್ಲ. ಗೀಚಿ ಕೊಟ್ಟೆ: ವಿದ್ಯಾರ್ಥಿಯು ಒಂದು, ಖಾಲಿ ಕುರ್ಚಿಯನ್ನು ಬರೆಯಬಲ್ಲ. ಎರಡು, ಅದರಲ್ಲಿ ಕೂತವರನ್ನು. ಮೂರು, ಅವರ ಮುಷ್ಟಿಯೊಳಗಿರುವುದನ್ನು. ನಾಲ್ಕು, ಅವರು ಕಾಯುತ್ತಿರುವವರನ್ನು. ಸಮಿತಿ ಕ್ರಿಯಾಪದ ಎಣಿಸಿ, ಸಂತೋಷದಿಂದ ಸಹಿ ಹಾಕಿತು.

ಮೊದಲ ತಿಂಗಳು ಹದಿನೆಂಟು ಮಕ್ಕಳು ಹದಿನೆಂಟು ಕುರ್ಚಿ ಬರೆದರು. ಎರಡನೇ ತಿಂಗಳು ನಾನು ಯಾರನ್ನೂ ಕೂರಿಸಿರಲಿಲ್ಲ. ಆದರೂ ಹದಿನೆಂಟು ಕೋನಗಳಿಂದ ಒಬ್ಬಳೇ ಮುದುಕಿ! ಕಿಟಕಿ ಪಕ್ಕದವನಿಗೆ ಬಲಗೆನ್ನೆಯ ಮಚ್ಚೆ ಸಿಕ್ಕಿತ್ತು, ಹಿಂದೆ ಕೂತವಳಿಗೆ ಬರೀ ತುರುಬು. ಅಮ್ಮ ಕಣೇ, ತೀರಿಹೋಗಿ ಮೂರು ವರ್ಷವಾದ ನಮ್ಮಮ್ಮ. ಇದ್ಯಾರು ಅಂದೆ. ಏನ್ ಮೇಡಂ, ನೀವೇ ಕೂರಿಸಿ ನಮ್ಮನ್ನ ಕೇಳ್ತೀರಾ, ಪಾಪ ಅಜ್ಜಿ ಒಂಚೂರೂ ಅಲ್ಲಾಡಲ್ಲ ಅಂದಳೊಬ್ಬಳು.

ಮೂರನೆಯದು ನಿನ್ನೆ ಮುಗಿಯಿತು. ಮುಷ್ಟಿಯಲ್ಲಿ ಮಡಚಿದ ಚೀಟಿ; ಚೀಟಿಯಲ್ಲಿ ನಿನ್ನ ಫೋನ್ ನಂಬರು, ಅಮ್ಮ ಬರೆಯುತ್ತಿದ್ದ ಬಾಲ ಮುರಿದ ಏಳು ಸಮೇತ. ಹದಿನೆಂಟರಲ್ಲೂ. ನೂರಕ್ಕೆ ನೂರು ಫಲ ಬಂತೆಂದು ಪ್ರಿನ್ಸಿಪಾಲರು ನನಗೆ ಹೂಗುಚ್ಛ ಕೊಟ್ಟರು.

‘ಅಮ್ಮ ಕೊನೆಗೆ ನನ್ನನ್ನು ಕೇಳಿದಳಾ’ ಎಂದು ನೀನು ಆಗ ಕೇಳಿದ್ದೆ. ಇಲ್ಲ, ನಿದ್ದೆಯಲ್ಲೇ ಹೋದಳು ಎಂದಿದ್ದೆ. ಸುಳ್ಳು. ಎರಡು ದಿನ ಆ ಚೀಟಿ ಹಿಡಿದುಕೊಂಡು, ಅವಳನ್ನ ಕರಿಯೇ, ಕರಿಯೇ ಅಂದಳು. ಲೈನ್ ಸಿಗ್ತಿಲ್ಲಮ್ಮ ಅನ್ನುತ್ತಲೇ ಇದ್ದೆ. ಒಂದು ಸಲವೂ ನಂಬರು ಒತ್ತಿರಲಿಲ್ಲ. ಜನ್ಮವಿಡೀ ನಿನ್ನ ಅಮ್ಮನಾಗಿದ್ದಳು; ಎರಡು ದಿನ ನನ್ನೊಬ್ಬಳ ಅಮ್ಮನಾಗಿರಲಿ ಅನ್ನಿಸಿತ್ತು.

ಅವಳಿನ್ನೂ ಕುರ್ಚಿ ಬಿಟ್ಟಿಲ್ಲ. ನನ್ನ ಕಣ್ಣಿಗೆ ಮಾತ್ರ ಕಾಣುವುದಿಲ್ಲ.

ಕ್ಷಮೆ ಕೇಳುವ ಮುಖವಿಲ್ಲದ ನಿನ್ನ ತಂಗಿ,
ಗೊಣಗಿ

ಮರೆತಿದ್ದೆ: ನಾಲ್ಕನೆಯದನ್ನು ಇವತ್ತು ಬೆಳಿಗ್ಗೆ ನಾನು ಹೇಳುವ ಮೊದಲೇ ಶುರುಮಾಡಿಬಿಟ್ಟಿದ್ದಾರೆ. ಹದಿನೆಂಟು ಹಾಳೆಗಳಲ್ಲೂ ತರಗತಿಯ ಬಾಗಿಲಲ್ಲಿ ನೀನು ನಿಂತಿದ್ದೀಯ, ಕೈಯಲ್ಲಿ ಬಿಚ್ಚಿದ ಕಾಗದ. ಎಡಗಡೆ ಕೂದಲು ಅಷ್ಟೊಂದು ನೆರೆತಿದೆಯೇನೇ? ಮುಖವನ್ನು ಮಾತ್ರ ಯಾರೂ ಬರೆದಿಲ್ಲ. ಯಾಕ್ರೋ ಅಂದರೆ, ತಡೀರಿ ಮೇಡಂ, ಅವ್ರಿನ್ನೂ ಓದ್ತಾ ಇದ್ದಾರೆ ಅಂತಾರೆ.